ಬಾರ್ನೆಗಟ್ ಕೊಲ್ಲಿಯ ಬೇಟೆದೋಣಿಯೂ ಅದರ ಜೀರ್ಣೋದ್ಧಾರವೂ

ಅಮೆರಿಕಾದ ನ್ಯೂಜೆರ್ಸಿ ಪ್ರಾಂತದ ಬಾರ್ನೆಗಟ್ ಕೊಲ್ಲಿಯಲ್ಲಿ ಕಾಡುಬಾತುಗಳ ಬೇಟೆಗೆ ಬಳಸುತ್ತಿದ್ದ ‘ಸ್ನೀಕ್‌ಬಾಕ್ಸ್’ ಎಂಬ ದೋಣಿಯನ್ನು ವೆಸ್ಟ್ ಕ್ರೀಕ್ ಗ್ರಾಮದ ಹೇಜಲ್ಟನ್ ಸೀಮನ್ ಎಂಬಾತನು 1836ರ ಸುಮಾರಿಗೆ ಮೊದಲು ಕಟ್ಟಿದನೆಂದು ಪ್ರತೀತಿ. ಉದ್ದವು ಸುಮಾರು 12 ಅಡಿ. ಹಲಗೆಯು ಬಿಳಿಯ ಸೀಡರ್ ಮರದ್ದು. ತಳವು ಚಮಚದಂತೆ ದುಂಡು, ಮೇಲ್ಹಾಸು ಆಮೆಯ ಬೆನ್ನಿನಂತೆ ಉಬ್ಬು. ಮೇಲೆ ಹುಲ್ಲನ್ನು ಹರಡಿ ಬೇಟೆಗಾರನು ಒಳಗೆ ಮಲಗಿದನೆಂದರೆ ದೋಣಿಯು ಜೌಗುನೆಲದೊಡನೆ ಒಂದಾಗಿ ತೋರುತ್ತಿದ್ದಿತು.

1918ರ ವಲಸೆಹಕ್ಕಿಗಳ ಶಾಸನದಿಂದ ಮಾರಾಟಕ್ಕಾಗಿ ಬೇಟೆಯಾಡುವ ವೃತ್ತಿಯು ನಿಂತಿತು. ದೋಣಿಯು ಹವ್ಯಾಸದ ಬೇಟೆಗೆ ಉಳಿಯಿತು. ಆದಕಾರಣ ಹಳೆಯ ದೋಣಿಯೊಂದೊಂದೂ ಈಗ ಶಾಸನಪತ್ರಕ್ಕೆ ಸಮಾನವಾದುದು. ಜೀರ್ಣವಾದ ಅಡ್ಡಪಟ್ಟಿಗಳನ್ನು ತೆಗೆದೊಡನೆ ಒಡಲು ಸಡಿಲಿ ಆಕಾರವು ಕೆಡುವ ಭಯವುಂಟು. ಆದುದರಿಂದ ಮೊದಲು ಒಡಲಿಗೆ ಆಧಾರಗಳನ್ನು ಕೊಟ್ಟು, ಅದರ ಬಾಗುಗಳನ್ನು ಅಳೆದು ಬರೆದಿಡತಕ್ಕದ್ದು. ಕೊಳೆತ ಹಲಗೆಗೆ ಬದಲು ಹಲಗೆ ದೊರೆಯುವುದು. ಅಳಿದ ಬಾಗಿನೊಡನೆ ಕಟ್ಟಿದವನ ವಿದ್ಯೆಯೂ ಅಳಿಯುವುದು.