ಗಾನಗೃಹವೂ ಗುಡ್ಡವೂ

ಸವದತ್ತಿಯ ಸನಿಹದ ಉಗರಗೋಳವು ಎಲ್ಲಮ್ಮನ ಗುಡ್ಡದಿಂದ ಪ್ರಸಿದ್ಧವಾದುದು. 1956ನೆಯ ಇಸವಿಯ ನವೆಂಬರ 1ನೆಯ ತಾರೀಖಿಗೆ ಮೈಸೂರು ರಾಜ್ಯವನ್ನು ಸೇರುವ ವರೆಗೆ ಈ ಸೀಮೆಯು ಮುಂಬಯಿಯ ಆಡಳಿತಕ್ಕೆ ಒಳಪಟ್ಟಿತ್ತು. ಆದುದರಿಂದ 1949ರ ಮುಂಬಯಿ ಮದ್ಯನಿಷೇಧ ಕಾನೂನು ಶಹರದ ಗಾನಗೃಹಗಳಿಗೆ ಹೇಗೋ ಹಾಗೆಯೇ ಇಲ್ಲಿಯ ಹಳ್ಳಿಗಳಿಗೂ ಅನ್ವಯಿಸಿತು.

ಆ ಕಾನೂನಿನ ಕಾಲದ ಮುಂಬಯಿಯನ್ನೇ ಅನುರಾಗ ಕಶ್ಯಪರ ‘ಬಾಂಬೆ ವೆಲ್ವೆಟ್’ ಎಂಬ 2015ರ ಹಿಂದೀ ಚಿತ್ರಪಟವು ತೋರಿಸುತ್ತದೆ. ಜಾಝ್ ಸಂಗೀತದ ಕ್ಲಬ್ಬಿನ ಮರೆಯಲ್ಲಿ ಅಪರಾಧವು ಬೆಳೆಯುತ್ತದೆ. ಗಾಯಕಿ ರೋಜಿಯು ಬಲಿಷ್ಠರ ಸಂಚಿಗೆ ಸಾಧನವಾಗುತ್ತಾಳೆ. ಕಥೆಯು ಕಲ್ಪಿತವಾದರೂ ಇಂಥ ಸ್ಥಿತಿಯು ಕಲ್ಪಿತವಲ್ಲ. 1920ರಿಂದ 1933ರ ವರೆಗೆ ಅಮೇರಿಕೆಯಲ್ಲಿಯೂ ಮದ್ಯನಿಷೇಧವಿದ್ದಾಗ, ನ್ಯೂಯಾರ್ಕಿನ ‘ಕಾಟನ್ ಕ್ಲಬ್’ ಕಳ್ಳಮದ್ಯದ ವ್ಯಾಪಾರಿ ಓನಿ ಮ್ಯಾಡನ್ನನ ಕೈಯಲ್ಲಿತ್ತು. ಡ್ಯೂಕ್ ಎಲಿಂಗ್ಟನ್ನರಂಥ ಕಪ್ಪುಜನರು ಅಲ್ಲಿ ನುಡಿಸುತ್ತಿದ್ದರು. ಶ್ರೋತೃಗಳ ಪೀಠಗಳು ಮಾತ್ರ ಬಿಳಿಯರಿಗೆ ಮೀಸಲಾಗಿದ್ದವು.

ರಂಜಿಸುವವರಿಗೇ ಮಾನವಿಲ್ಲದ ಈ ರೀತಿಯು ಗುಡ್ಡದ ಸೀಮೆಗೂ ಅಪರಿಚಿತವಲ್ಲ. ಚೌಡಿಕೆಯನ್ನು ಹಿಡಿದು ಹಾಡಿದ ಜೋಗತಿಯರ ಪದಗಳನ್ನು ಜನರು ಭಕ್ತಿಯಿಂದ ಕೇಳಿದರು. ಅವರ ಬಾಳಿನ ಗೋಳಿಗೆ ಕಿವಿಗೊಡಲಿಲ್ಲ. 1934ರ ಮುಂಬಯಿ ದೇವದಾಸಿ ಸಂರಕ್ಷಣ ಕಾನೂನು ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ನಿಷೇಧಿಸಿತು. ಆದರೂ ಪದ್ಧತಿಯು ಅಳಿಯಲಿಲ್ಲ. ಕರ್ನಾಟಕವು 1982ರಲ್ಲಿ ಪುನಃ ಕಾನೂನು ಮಾಡಬೇಕಾಯಿತು.

ಕಾನೂನು ಕೆಟ್ಟ ಬಾಗಿಲನ್ನು ಮುಚ್ಚಬಲ್ಲುದು. ಹಾಡಿದವಳಿಗೆ ಅನ್ನವನ್ನೂ ಮಾನವನ್ನೂ ಕೊಡುವ ಬಾಗಿಲನ್ನು, ಹಾಡನ್ನು ಕೇಳಿ ತಲೆದೂಗಿದ ಸಮಾಜವೇ ತೆರೆಯಬೇಕು.