ಡೋನಟ್ಟಿನ ಮೇಲಿನ ಕೊಕ್ಕೊ

ಓವನ್ನಿನಲ್ಲಿ ಬೇಯಿಸಿದ ಡೋನಟ್ಟನ್ನು ಕರಗಿದ ಚಾಕಲೇಟಿನಲ್ಲಿ ಅದ್ದಿ ತೆಗೆಯುವುದು ಪುತ್ತೂರು, ಸುಳ್ಯ, ಕಡಬದ ಅಡುಗೆಮನೆಗಳಿಗೆ ಹೊಸತೇ. ಆ ಲೇಪದ ಕೊಕ್ಕೊ ಮಾತ್ರ ಇಲ್ಲಿಗೆ ಹಳತು. ನನಗೆ ಡೋನಟ್ಟಿಗಿಂತ ಅದರ ಕಥೆಯೇ ರುಚಿ.

ಅಮೆರಿಕ ಖಂಡದ ಈ ಗಿಡ ನೆರಳು ಸಹಿಸುತ್ತದೆ. ಅಡಿಕೆಗೆ ಬಿಟ್ಟ ನೀರಿನಲ್ಲೇ ಬದುಕುತ್ತದೆ. 1970ರ ದಶಕದಲ್ಲಿ ಖಾಸಗಿ ಕಂಪನಿಯ ಪ್ರೋತ್ಸಾಹದಿಂದ ಕೃಷಿಕರು ತೋಟದ ನಡುವೆ ನೆಟ್ಟರು. 1980ರ ಹೊತ್ತಿಗೆ ಬೆಲೆ ಕುಸಿದು, ಕೊಳ್ಳುವವರೇ ಹಿಂದೆ ಸರಿದರು. ಅಡಿಕೆಯಾದರೆ ಒಣಗಿಸಿ ಅಟ್ಟಕ್ಕೇರಿಸಿ ಬೆಲೆಗೆ ಕಾಯಬಹುದು. ಕೊಕ್ಕೊ ಹಾಗಲ್ಲ. ಕಾಯಿ ಒಡೆದು, ಲೋಳೆ ಮೆತ್ತಿದ ಹಸಿಬೀಜವನ್ನು ಆರೇಳು ದಿನ ಹುಳಿಬರಿಸಿ ಒಣಗಿಸದಿದ್ದರೆ ಚಾಕಲೇಟಿನ ಪರಿಮಳ ಹುಟ್ಟದು. ನಮ್ಮ ಮಳೆಗಾಲದಲ್ಲಿ ಅದಕ್ಕೆ ಬಿಸಿಲೆಲ್ಲಿ? ಎಷ್ಟೋ ತೋಟಗಳಲ್ಲಿ ಗಿಡಕ್ಕೆ ಕತ್ತಿ ಬಿತ್ತು.

ಆಗ ಕೊಳ್ಳಲು ಮುಂದಾದದ್ದು ಕ್ಯಾಂಪ್ಕೊ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಅದು. ಕೊಂಡ ಬೀಜಕ್ಕೆ ದಾರಿ ಬೇಕಲ್ಲ? 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಅದರ ಚಾಕಲೇಟ್ ಕಾರ್ಖಾನೆ ತೆರೆಯಿತು; ಉದ್ಘಾಟಿಸಿದವರು ಆಗಿನ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್.

ಅಂದಹಾಗೆ, ಕೊಕ್ಕೊ ಬೆಣ್ಣೆ ಕರಗುವುದು 34 ಡಿಗ್ರಿಯ ಆಸುಪಾಸಿನಲ್ಲಿ. ಪುತ್ತೂರಿನ ಎಪ್ರಿಲ್ ಮಧ್ಯಾಹ್ನ ಲೇಪ ಗಟ್ಟಿಯಾಗಬೇಕಾದರೆ ಡೋನಟ್ಟು ಫ್ರಿಜ್ಜಿಗೇ ಹೋಗಬೇಕು.