ಧಾಟಿ ಅವರದು, ಮಾತು ಇವರದು

2000ನೇ ಇಸವಿಯಲ್ಲಿ ಅಮೆರಿಕದ ರೇಡಿಯೊಗಳಲ್ಲೆಲ್ಲ ಎಮಿನೆಮ್‌ನ ‘ದಿ ರಿಯಲ್ ಸ್ಲಿಮ್ ಶೇಡಿ’ ಮೊಳಗುತ್ತಿತ್ತು. ಬೈಗುಳ ತುಂಬಿದ ಆ ರ‍್ಯಾಪ್ ಹಾಡು ಸಂಪ್ರದಾಯಸ್ಥ ಕ್ರೈಸ್ತ ಮನೆಗಳಿಗೆ ತಲೆನೋವಾಗಿತ್ತು. ಹೆಚ್ಚು ಕಾಲ ಕಳೆಯುವ ಮೊದಲೇ ಪಿಟ್ಸ್‌ಬರ್ಗ್‌ನ ಅಪಾಲಜೆಟಿಕ್ಸ್ ಎಂಬ ರಾಕ್ ತಂಡ ಅದೇ ಧಾಟಿ, ಅದೇ ಓಟ, ಹತ್ತಿರ ಹತ್ತಿರ ಅದೇ ಪ್ರಾಸಗಳನ್ನು ಹಿಡಿದು ‘ದಿ ರಿಯಲ್ ಸಿನ್ ಸೇವಿಯರ್’ ಎಂಬ ಹಾಡು ಕಟ್ಟಿತು. ನಿಜವಾದ ಸ್ಲಿಮ್ ಶೇಡಿ ಯಾರೆಂದು ಮೂಲ ಹಾಡು ಕೇಳಿದರೆ, ಪಾಪದಿಂದ ಬಿಡಿಸುವ ನಿಜವಾದ ರಕ್ಷಕ ಯಾರೆಂದು ಇದು ಕೇಳಿತು.

ಕ್ರೈಸ್ತ ರಾಕ್ ಸಂಗೀತದಲ್ಲಿ ಇಂಥ ಅಣಕವಾಡುಗಳದ್ದೇ ಒಂದು ಪುಟ್ಟ ಪ್ರಪಂಚವಿದೆ. ಅದರ ಬೆಳವಣಿಗೆಯನ್ನು ನೋಡುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ: ಇಲ್ಲಿ ಅಣಕಕ್ಕೆ ಗುರಿಯಾದವರು ಯಾರು? ಜನಪ್ರಿಯ ಹಾಡೇ? ಅದರೊಳಗಿನ ದೇವರ ಕಲ್ಪನೆಯೇ? ಇಲ್ಲವೇ ಹಾಡುವವರದೇ ಚರ್ಚೇ? ಹಾಡಿನ ಮೊನಚು ಈ ಉತ್ತರವನ್ನೇ ಅವಲಂಬಿಸಿದೆ.

ಲೌಕಿಕ ಧಾಟಿಗೆ ದೈವಿಕ ಮಾತು ಕೂಡಿಸುವ ಪದ್ಧತಿ ರಾಕ್ ಸಂಗೀತಕ್ಕಿಂತ ಬಹಳ ಹಳೆಯದು. ಮಾರ್ಟಿನ್ ಲೂಥರ್ 1535ರಲ್ಲಿ ಅಚ್ಚಾದ ತನ್ನ ಕ್ರಿಸ್‌ಮಸ್ ಗೀತೆಯೊಂದಕ್ಕೆ ಮೊದಲು ಬಳಸಿದ್ದು ಜನಪದ ಒಗಟಿನ ಹಾಡೊಂದರ ಧಾಟಿಯನ್ನು. 1539ರಲ್ಲಷ್ಟೇ ಅದಕ್ಕೆ ಬೇರೆ ರಾಗ ಬಂತು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸಂಘಟನೆಯವರು, ಕುಡಿತದ ಮೋಜನ್ನು ಕೊಂಡಾಡುವ ‘ಶಾಂಪೇನ್ ಚಾರ್ಲಿ’ ಎಂಬ ಮ್ಯೂಸಿಕ್ ಹಾಲ್ ಹಾಡಿನ ಧಾಟಿಯಲ್ಲೇ ಬೀದಿಗಳಲ್ಲಿ ಯೇಸುವಿನ ಸ್ತುತಿ ಹಾಡಿದರು. ಸಿನಿಮಾ ಧಾಟಿಯ ಭಜನೆಗಳನ್ನು ಗಣೇಶೋತ್ಸವದ ಪೆಂಡಾಲುಗಳಲ್ಲಿ ಕೇಳಿ ಬೆಳೆದ ನಮಗೆ ಇದರ ತರ್ಕ ಬಿಡಿಸಿ ಹೇಳಬೇಕಿಲ್ಲ. ಧಾಟಿ ಮೊದಲೇ ಬಾಯಿಗೆ ಬಂದಿರುವುದರಿಂದ ಮಾತು ಸಲೀಸಾಗಿ ಮನಸ್ಸಿಗಿಳಿಯುತ್ತದೆ. ಆದರೆ ಇದು ಇನ್ನೂ ಎರವಲು ಮಾತ್ರ. ಮೂಲವನ್ನು ಕೇಳುಗ ನೆನೆದು ನಗಬೇಕೆಂಬ ಉದ್ದೇಶ ಬಂದಾಗಲೇ ಎರವಲು ಅಣಕವಾಗುವುದು.

1960ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ಹಿಪ್ಪಿ ಯುವಜನರಲ್ಲಿ ‘ಜೀಸಸ್ ಮೂವ್‌ಮೆಂಟ್’ ಎದ್ದಾಗ ಕ್ರೈಸ್ತ ರಾಕ್ ಹುಟ್ಟಿತು. ಲ್ಯಾರಿ ನಾರ್ಮನ್ 1969ರಲ್ಲಿ ಹೊರತಂದ ‘ಅಪಾನ್ ದಿಸ್ ರಾಕ್’ ಅದರ ಆದಿಯ ಆಲ್ಬಮ್‌ಗಳಲ್ಲೊಂದು. ಒಳ್ಳೆಯ ಸಂಗೀತವನ್ನೆಲ್ಲ ಸೈತಾನನಿಗೆ ಯಾಕೆ ಬಿಟ್ಟುಕೊಡಬೇಕು ಎಂಬುದು 1972ರ ಆಲ್ಬಮ್‌ನಲ್ಲಿ ಅವನೆತ್ತಿದ ತಕರಾರು. ಅದೇ ಕಾಲದಲ್ಲಿ ಮುಖ್ಯವಾಹಿನಿಯ ಪಾಪ್ ಕೂಡ ಧರ್ಮದ ಮಾತಾಡತೊಡಗಿತ್ತು. ನಾರ್ಮನ್ ಗ್ರೀನ್‌ಬಾಮ್ ಎಂಬ ಯಹೂದಿ ಗಾಯಕ ಬರೆದ ‘ಸ್ಪಿರಿಟ್ ಇನ್ ದ ಸ್ಕೈ’ ಯೇಸುವನ್ನು ಗೆಳೆಯನೆಂದು ಕರೆದು ಭಾರಿ ಜನಪ್ರಿಯವಾಯಿತು. ಅದರ ನಾಯಕ ತಾನೆಂದೂ ಪಾಪ ಮಾಡಿದವನಲ್ಲ ಎನ್ನುತ್ತಾನೆ. ಎಲ್ಲರೂ ಪಾಪಿಗಳೇ ಎಂದ ಬೈಬಲಿನ ಪೌಲನ ಬೋಧನೆಗೆ ಇದು ನೇರ ವಿರುದ್ಧ. ಅಣಕಿಸಲು ಇದಕ್ಕಿಂತ ಒಳ್ಳೆಯ ಸರಕು ಸಿಗದು. ಆದರೂ ಆಗಿನ ಕ್ರೈಸ್ತ ರಾಕ್ ಗಾಯಕರು ನಗಿಸುವ ಸ್ಥಿತಿಯಲ್ಲಿರಲಿಲ್ಲ. ಗಿಟಾರು ಹಿಡಿದದ್ದೇ ತಪ್ಪೆನ್ನುವ ಹಿರಿಯರೆದುರು ಸಮರ್ಥಿಸಿಕೊಳ್ಳುವುದರಲ್ಲೇ ಅವರ ಕಸುವು ಖರ್ಚಾಗುತ್ತಿತ್ತು.

ನಗು ಬಂದದ್ದು ಎಂಬತ್ತರ ದಶಕದಲ್ಲಿ, ಅದೂ ಒಳಮುಖವಾಗಿ. ರಾಕ್ ರೆಕಾರ್ಡುಗಳನ್ನು ಹಿಂದುಮುಂದಾಗಿ ತಿರುಗಿಸಿದರೆ ಸೈತಾನನ ಸಂದೇಶ ಕೇಳುತ್ತದೆಂದು ಪಾದ್ರಿಗಳು ಹುಯಿಲೆಬ್ಬಿಸಿದ ಕಾಲವದು. ‘ಪೆಟ್ರಾ’ ಎಂಬ ಕ್ರೈಸ್ತ ತಂಡ 1982ರ ‘ಮೋರ್ ಪವರ್ ಟು ಯಾ’ ಆಲ್ಬಮ್‌ನಲ್ಲಿ ಬೇಕೆಂದೇ ಅಂಥದೊಂದು ಉಲ್ಟಾ ಸಂದೇಶ ಅಡಗಿಸಿಟ್ಟಿತು. ಪತ್ತೇದಾರಿಕೆಗೆ ಹೊರಟು ತಟ್ಟೆಯನ್ನು ಹಿಂದಕ್ಕೆ ತಿರುಗಿಸಿದವನಿಗೆ ಸಿಕ್ಕಿದ್ದು, ದೇವರನ್ನು ಹುಡುಕಬೇಕಾದ ನೀನು ಸೈತಾನನನ್ನು ಯಾಕಪ್ಪಾ ಹುಡುಕುತ್ತಿದ್ದೀ ಎಂಬರ್ಥದ ಗದರಿಕೆ!

ಇದೇ ದಾರಿಯನ್ನು ಕ್ರೈಸ್ತ ಗಾಯಕ ಸ್ಟೀವ್ ಟೇಲರ್ ಇನ್ನೂ ಹರಿತಗೊಳಿಸಿದ. ಅವನ ‘ಐ ವಾಂಟ್ ಟು ಬಿ ಎ ಕ್ಲೋನ್’ (1983), ಚರ್ಚು ಎಲ್ಲರನ್ನೂ ಒಂದೇ ಅಚ್ಚಿಗೆ ಹೊಯ್ಯುವುದನ್ನು ಗೇಲಿ ಮಾಡಿತು. 1987ರಲ್ಲಿ ಬಂದ ಹಾಡೊಂದರಲ್ಲಿ ಐಸ್‌ಕ್ರೀಮ್ ಗಾಡಿಯವನೊಬ್ಬ, ಮಕ್ಕಳು ಹುಟ್ಟದಿದ್ದರೆ ತನ್ನ ವ್ಯಾಪಾರ ಕೆಡುತ್ತದೆಂದು ಗರ್ಭಪಾತದ ಕ್ಲಿನಿಕ್ಕಿಗೆ ಬಾಂಬಿಡುತ್ತಾನೆ. ಹಿಂಸೆಯ ಮೂಲಕ ಧರ್ಮ ಕಾಯುವವರ ವಿಡಂಬನೆ ಅದು. ವ್ಯಂಗ್ಯ ಅರ್ಥವಾಗದ ಕೆಲವು ಕ್ರೈಸ್ತ ಅಂಗಡಿಗಳು ಆಲ್ಬಮ್ಮನ್ನೇ ಕಪಾಟಿನಿಂದ ಇಳಿಸಿದವು. ಟೇಲರ್ ಯಾರ ಧಾಟಿಯನ್ನೂ ಕದಿಯಲಿಲ್ಲ. ಆದರೆ ಭಕ್ತರೂ ನಗಬಹುದು, ಮೊದಲು ತಮ್ಮನ್ನು ನೋಡಿಯೇ ನಗಬಹುದು ಎಂದು ತೋರಿಸಿಕೊಟ್ಟ.

1990ರ ಹೊತ್ತಿಗೆ ಕ್ರೈಸ್ತ ಸಂಗೀತ ದೊಡ್ಡ ಉದ್ಯಮವಾಗಿತ್ತು. ಇಂಥ ಲೌಕಿಕ ತಂಡ ಇಷ್ಟವೇ? ಹಾಗಾದರೆ ಈ ಕ್ರೈಸ್ತ ತಂಡ ಕೇಳಿ ಎಂದು ಜೋಡಿ ಹಾಕಿ ತೋರಿಸುವ ಪಟ್ಟಿಗಳು ಕ್ರೈಸ್ತ ಪುಸ್ತಕದಂಗಡಿಗಳಲ್ಲಿ ತೂಗುತ್ತಿದ್ದವು. 1992ರಲ್ಲಿ ಶುರುವಾದ ಅಪಾಲಜೆಟಿಕ್ಸ್ ಈ ತರ್ಕವನ್ನು ತುತ್ತತುದಿಗೆ ಒಯ್ದಿತು. ಹೋಲುವ ತಂಡ ಯಾಕೆ, ಹಾಡನ್ನೇ ತಂದುಕೊಡುತ್ತೇವೆ ಎಂಬುದು ಅದರ ಧೋರಣೆ. ಪ್ರಮುಖ ಗಾಯಕ ಜೆ. ಜ್ಯಾಕ್ಸನ್ ಬರೆಯುವ ಸಾಹಿತ್ಯದಲ್ಲಿ ಮೂಲದ ಉಚ್ಚಾರವನ್ನು ಅಕ್ಷರ ಅಕ್ಷರಕ್ಕೆ ಹಿಂಬಾಲಿಸುವ ಹಟವಿದೆ. ಅರ್ಧ ಗಮನ ಕೊಟ್ಟು ಕೇಳಿದರೆ ಮೂಲ ಹಾಡೇ ಅನ್ನಿಸಬೇಕು. ಕಿವಿಗೊಟ್ಟರೆ ಬೈಬಲ್ ಕೇಳಿಸಬೇಕು.

ಈ ಕಸುಬಿನ ಒಳ್ಳೆಯ ಮಾದರಿ ‘ಲೈಫ್‌ಸ್ಟೈಲ್ಸ್ ಆಫ್ ದ ರಿಚ್ ಆ್ಯಂಡ್ ನೇಮ್‌ಲೆಸ್’. ಸೆಲೆಬ್ರಿಟಿಗಳ ಗೋಳಾಟವನ್ನು ಹಂಗಿಸುವ ಗುಡ್ ಷಾರ್ಲೆಟ್ ತಂಡದ 2002ರ ಹಾಡು ಇದರ ಮೂಲ. ಅಪಾಲಜೆಟಿಕ್ಸ್ ಅದಕ್ಕೆ ಲೂಕನ ಸುವಾರ್ತೆಯ ಹದಿನಾರನೆಯ ಅಧ್ಯಾಯದ ಕಥೆ ಕೂಡಿಸಿತು. ಆ ಕಥೆಯಲ್ಲಿ ಬಾಗಿಲಲ್ಲಿ ಬಿದ್ದಿದ್ದ ಭಿಕ್ಷುಕನಿಗೆ ಲಾಜರನೆಂಬ ಹೆಸರಿದೆ. ನಯವಾದ ನಾರುಮಡಿ ಉಟ್ಟು ಮೆರೆದ ಸಿರಿವಂತನಿಗೆ ಹೆಸರೇ ಇಲ್ಲ. ಮೂಲದ ‘ಖ್ಯಾತರು’ ಅಣಕದಲ್ಲಿ ‘ಅನಾಮಿಕರು’ ಆದಾಗ ಎರಡು ಹಾಡುಗಳೂ ಪರಸ್ಪರ ಮಾತಾಡುತ್ತವೆ. ಖ್ಯಾತಿಯ ಬಗ್ಗೆ ಪಾಪ್ ಹಾಡು ಎತ್ತಿದ ಪ್ರಶ್ನೆಗೆ ಸುವಾರ್ತೆ ಕೊಟ್ಟ ಉತ್ತರ ಅದು. ಎಲ್ಲ ಹಾಡುಗಳಿಗೂ ಈ ಭಾಗ್ಯವಿಲ್ಲ. ‘ಸ್ಟೇಸೀಸ್ ಮಾಮ್’ ಎಂಬ ತುಂಟ ಹಾಡನ್ನು ‘ಜೆಸೀಸ್ ಮಾಮ್’ ಎಂದು ತಿರುಚಿ ಯೇಸುವಿನ ತಾಯಿ ಮರಿಯಳ ಕಥೆ ಹೇಳುವಾಗ ನಗು ಬರುವುದು ಪ್ರಾಸಕ್ಕೆ ಮಾತ್ರ.

ಮುಖ್ಯವಾಹಿನಿಯ ಹಾಡಿನೊಳಗೇ ಇದ್ದ ಧರ್ಮವನ್ನು ನೇರವಾಗಿ ಮುಟ್ಟಿದ ಪ್ರಯತ್ನಗಳೂ ಉಂಟು. ಡೀಸೀ ಟಾಕ್ ಎಂಬ ಕ್ರೈಸ್ತ ತಂಡ 1992ರಲ್ಲಿ ‘ಜೀಸಸ್ ಈಸ್ ಜಸ್ಟ್ ಆಲ್‌ರೈಟ್’ ಹಾಡಿಗೆ ರ‍್ಯಾಪ್ ಸೇರಿಸಿ ಹಾಡಿತು. ಗಾಸ್ಪೆಲ್ ತಂಡವೊಂದರಿಂದ ಲೌಕಿಕ ತಂಡಗಳಾದ ಬರ್ಡ್ಸ್, ಡೂಬಿ ಬ್ರದರ್ಸ್‌ಗಳ ಕೈಗೆ ಹೋಗಿದ್ದ ಹಾಡು ಹೀಗೆ ಮನೆಗೆ ಮರಳಿತು. ಅದು ಅಣಕವಲ್ಲ, ಹಕ್ಕು ಸಾಧನೆ. ನಿಜವಾದ ಅಣಕ ಬೇಕಾದರೆ ಕ್ರೈಸ್ತ ಹಾಸ್ಯಗಾರ ಟಿಮ್ ಹಾಕಿನ್ಸ್‌ನನ್ನು ಕೇಳಬೇಕು. ಮಂಜಿನ ರಸ್ತೆಯಲ್ಲಿ ಕಾರು ಜಾರಿದಾಗ ತಾಯಿಯೊಬ್ಬಳು ಸ್ಟಿಯರಿಂಗನ್ನು ಯೇಸುವಿಗೆ ಒಪ್ಪಿಸುವುದು ಕ್ಯಾರಿ ಅಂಡರ್‌ವುಡ್‌ಳ 2005ರ ಪ್ರಸಿದ್ಧ ಹಾಡು ‘ಜೀಸಸ್, ಟೇಕ್ ದ ವೀಲ್’ನ ಕಥೆ. ಹಾಕಿನ್ಸ್ ಅದನ್ನು ‘ಕ್ಲೀಟಸ್, ಟೇಕ್ ದ ರೀಲ್’ ಮಾಡಿ, ಯೇಸುವಿನ ಜಾಗದಲ್ಲಿ ಮೀನಿನ ಗಾಳ ಹಿಡಿಯುವ ಕ್ಲೀಟಸ್‌ನನ್ನು ನಿಲ್ಲಿಸಿದ. ಇಲ್ಲಿ ನಗೆಗೀಡಾದದ್ದು ದೇವರಲ್ಲ, ದೇವರ ಹೆಸರಿನಲ್ಲಿ ಕಣ್ಣೀರು ಸುರಿಸುವ ಕಂಟ್ರಿ ಸಂಗೀತದ ಚಟ. ಭಕ್ತನಿಗಷ್ಟೇ ಸಲ್ಲುವ ಸಲಿಗೆಯಿದು.

ಅಣಕ ಯಾರನ್ನು ಕುರಿತದ್ದು ಎಂಬ ಪ್ರಶ್ನೆ ನ್ಯಾಯಾಲಯಕ್ಕೂ ಮುಖ್ಯವೇ. ‘ಓ, ಪ್ರೆಟಿ ವುಮನ್’ ಹಾಡನ್ನು 2 ಲೈವ್ ಕ್ರ್ಯೂ ತಂಡ ಅಣಕಿಸಿದ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1994ರಲ್ಲಿ ಒಂದು ವ್ಯತ್ಯಾಸ ಗುರುತಿಸಿತು. ಮೂಲ ಕೃತಿಯ ಮೇಲೆಯೇ ಟೀಕೆ ಮಾಡುವ ಅಣಕಕ್ಕೆ ಹಕ್ಕುಸ್ವಾಮ್ಯ ಕಾನೂನಿನ ‘ನ್ಯಾಯಯುತ ಬಳಕೆ’ಯ ರಕ್ಷಣೆ ಕೇಳಲು ಬಲವಾದ ಆಧಾರವಿದೆ. ಬೇರೇನನ್ನೋ ಹೇಳಲು ಮೂಲವನ್ನು ವಾಹನ ಮಾಡಿಕೊಂಡರೆ ಆ ಆಧಾರ ತೆಳುವಾಗುತ್ತದೆ. ಎಮಿನೆಮ್ ಬಗ್ಗೆ ಏನೂ ಹೇಳದೆ ಅವನ ಲಯದಲ್ಲಿ ಸುವಾರ್ತೆ ಸಾರುವ ಹಾಡು ಎರಡನೆಯ ಗುಂಪಿನ ಹತ್ತಿರ ನಿಲ್ಲುತ್ತದೆ. ಕಾನೂನಿನ ಈ ಗೆರೆ ಕಲೆಗೂ ಒಪ್ಪುವಂಥದ್ದು.

ಈ ನಡುವೆ ಕ್ರೈಸ್ತ ಸಂಗೀತವನ್ನೇ ಅಣಕಿಸುವವರು ಬಂದರು. 1996ರಲ್ಲಿ ಸ್ವರ್ಲಿಂಗ್ ಎಡ್ಡೀಸ್ ಎಂಬ ಕ್ರೈಸ್ತ ತಂಡ ‘ಸೇಕ್ರೆಡ್ ಕೌಸ್’ ಆಲ್ಬಮ್‌ನಲ್ಲಿ ಕ್ರೈಸ್ತ ಪಾಪ್‌ನ ಹಿಟ್ ಹಾಡುಗಳನ್ನೇ ಸೊಟ್ಟಮೋರೆ ಮಾಡಿ ಹಾಡಿತು. ಹೊರಗಿನವರ ಏಟು ಬಿದ್ದದ್ದು 2003ರಲ್ಲಿ. ‘ಸೌತ್ ಪಾರ್ಕ್’ ಕಾರ್ಟೂನ್ ಸರಣಿಯ ಕಾರ್ಟ್‌ಮನ್ ಕ್ರೈಸ್ತ ರಾಕ್ ತಂಡ ಕಟ್ಟಿ, ಪ್ರೇಮಗೀತೆಗಳಲ್ಲಿ ‘ಬೇಬಿ’ ಎಂದಿದ್ದ ಕಡೆ ‘ಜೀಸಸ್’ ಎಂದು ಸೇರಿಸಿ ಹಣ ಬಾಚುತ್ತಾನೆ. ಒಂದು ಪದ ಬದಲಿಸಿದರೆ ಪ್ರಣಯ ಭಕ್ತಿಯಾಗುವುದಾದರೆ ಭಕ್ತಿಗೆ ತನ್ನದೇ ನುಡಿ ಇಲ್ಲವೇ ಎಂಬ ಪ್ರಶ್ನೆ ಆ ಗೇಲಿಯೊಳಗಿತ್ತು. ಕ್ರೈಸ್ತ ವಿಮರ್ಶಕರಲ್ಲೂ ಹಲವರಿಗೆ ಇದೇ ಅಸಮಾಧಾನವಿತ್ತು.

ಈಗ ಈ ಪ್ರಕಾರದ ಕಾಲ ಕೆಳಗಿನ ನೆಲವೇ ಬದಲಾಗಿದೆ. ಅಣಕವಾಡು ಗೆಲ್ಲಬೇಕಾದರೆ ಎಲ್ಲರಿಗೂ ಗೊತ್ತಿರುವ ಹಾಡೊಂದು ಬೇಕು. ಒಬ್ಬೊಬ್ಬರ ಫೋನಿನಲ್ಲೂ ಬೇರೆ ಬೇರೆ ಪ್ಲೇಲಿಸ್ಟ್ ಓಡುವ ಕಾಲದಲ್ಲಿ ಅಂಥ ಹಾಡುಗಳು ವಿರಳವಾಗುತ್ತಿವೆ. ಬೈಬಲ್ ಪಾಠವನ್ನು ನೆನಪಿನಲ್ಲಿ ಕೂರಿಸಲು ಎರವಲು ಧಾಟಿಗಳು ಭಾನುವಾರದ ಶಾಲೆಗಳಲ್ಲಿ ಉಪಯೋಗಕ್ಕೆ ಬಂದಾವು. ವಿಮರ್ಶೆಯ ಕಣ್ಣಿಗೆ ಬೆಲೆಯುಳ್ಳವು ಮಾತ್ರ, ಮೂಲ ಹಾಡನ್ನೂ ತಮ್ಮ ಚರ್ಚನ್ನೂ ಒಟ್ಟಿಗೆ ಪ್ರಶ್ನಿಸಿದ ಬೆರಳೆಣಿಕೆಯ ಹಾಡುಗಳು. ಸ್ಟೀವ್ ಟೇಲರ್‌ನ ನಿಷ್ಠುರತೆ ಮತ್ತು ಜೆ. ಜ್ಯಾಕ್ಸನ್‌ನ ಕಿವಿ ಒಂದೇ ತಂಡದಲ್ಲಿ ಕೂಡಿದ್ದರೆ ಈ ಪಟ್ಟಿ ಇನ್ನಷ್ಟು ಉದ್ದವಾಗುತ್ತಿತ್ತು.